ಎಂಟುನೂರು ಗ್ರಾಂ ಮತ್ತು ಹನ್ನೊಂದು ತೆಂಗಿನಕಾಯಿ

ನಡೆಯುವುದಕ್ಕೆ ಯಾವ ವಿದ್ಯೆ ಬೇಕು? ಒಂದು ಕಾಲು ಮುಂದಿಟ್ಟು, ಆಮೇಲೆ ಇನ್ನೊಂದನ್ನು ಇಟ್ಟರಾಯಿತು. ಹೀಗೆ ಇಡುತ್ತಾ ಇಡುತ್ತಾ ಕೂಡ್ಲಿಗಿಯಿಂದ ಕೊಟ್ಟೂರು ಮುಟ್ಟುತ್ತೇನೆ, ಮುಟ್ಟುವಷ್ಟರಲ್ಲಿ ಮೈಯಲ್ಲಿ ಉಳಿದಿರುವ ಎಂಟುನೂರು ಗ್ರಾಂ ಇಳಿಸಿರುತ್ತೇನೆ ಎಂದು ನಾನು ಘನವಾಗಿ ಘೋಷಿಸಿದೆ. ನನ್ನ ಘೋಷಣೆಗಳ ಇತಿಹಾಸ ಬಲ್ಲ ಹೆಂಡತಿ ಗಿರಿಜಾ ಚಪಾತಿ ಲಟ್ಟಿಸುತ್ತಾ, "ಆತು, ನಡೀರಿ" ಎಂದಳು ಅಷ್ಟೇ.

ಇದೆಲ್ಲ ಶುರುವಾದದ್ದು ಬೇಸಿಗೆ ರಜೆಯಲ್ಲಿ, ಗುಡೇಕೋಟೆಯ ಕೋಟೆ ಹತ್ತಲು ಹೋದಾಗ. ನನ್ನದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಕೂತಲ್ಲೇ ಬೆಳೆದಿದ್ದೇನೆ, ಅದೂ ಅಗಲಕ್ಕೆ. ಗುಡ್ಡದ ಅರ್ಧಕ್ಕೇ ಒಂದು ಬಂಡೆ ಹಿಡಿದು ಕೂತುಬಿಟ್ಟೆ. ನನ್ನೊಬ್ಬನನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ, ಹಾಗಾಗಿ ಏಳನೇ ಕ್ಲಾಸಿನ ಮಗಳು ಸಿಂಚನಾ ಕೂಡ ಕೋಟೆ ನೋಡದೆ ಕೆಳಗಿಳಿಯಬೇಕಾಯಿತು.

"ಅಪ್ಪಾ, ಈಗ ಕರಡಿ ಬಂದ್ರ ನಿನಗ ಓಡಾಕರ ಬರ್ತೈತೇನು?" ಎಂದು ಕೇಳಿದಳು. ಕರಡಿಗಳಿಗೇ ಹೆಸರಾದ ಗುಡ್ಡದಲ್ಲಿ ಕೇಳುವ ಪ್ರಶ್ನೆಯೇ ಇದು? ಓಡುವುದಿರಲಿ, ಏಳುವುದಕ್ಕೂ ನನ್ನಲ್ಲಿ ಉಸಿರು ಇರಲಿಲ್ಲ!

ದಸರಾ ರಜೆ ಹತ್ತಿರ ಬಂದಾಗ ಸಿಂಚನಾ ಸಮುದ್ರದ ಹಟ ಹಿಡಿದಳು. ಹೊಸಪೇಟೆಯ ಡ್ಯಾಮಿಗಿಂತ ದೊಡ್ಡ ನೀರನ್ನು ಅವಳು ಕಂಡವಳಲ್ಲ. ಗಿರಿಜಾ ಇದೇ ಸಮಯ ಸಾಧಿಸಿ ಪಂಥ ಕಟ್ಟಿದಳು. "ಒಂದು ತಿಂಗಳದಾಗ ನಾಕು ಕೆಜಿ ಇಳಸ್ರಿ. ಎಂಬತ್ತೆಂಟು ಇದ್ದೋರು ಎಂಬತ್ನಾಕಕ್ಕ ಬಂದ್ರ ಮೂರೂ ಮಂದಿ ಸಮುದ್ರಕ್ಕ ಹೋಗಾದು. ಬರಲಿಲ್ಲಾ, ಸಮುದ್ರ ಇಲ್ಲ!" ಅಂತಿಮ ತೂಕ ಕೊಟ್ಟೂರಿನಲ್ಲಿ, ಶೇಂಗಾ ವ್ಯಾಪಾರ ಮಾಡುವ ಅವಳ ತಮ್ಮ ಬಸವರಾಜನ ತೂಕದ ಯಂತ್ರದ ಮೇಲೆ ಎಂದೂ ತೀರ್ಮಾನವಾಯಿತು. ಕೂಡ್ಲಿಗಿಯ ಔಷಧಿ ಅಂಗಡಿಯವನು ನನ್ನ ಗೆಳೆಯನಾದ್ದರಿಂದ ಅವನ ಯಂತ್ರಕ್ಕೆ ಮಾನ್ಯತೆ ಸಿಗಲಿಲ್ಲ.

ಆ ತಿಂಗಳು ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಸಂಜೆ ಅಂಗಡಿಯ ಪಕ್ಕದಲ್ಲೇ ಮಿರ್ಚಿ ಕರಿಯುತ್ತಿದ್ದರೆ ಮೂಗು ಮುಚ್ಚಿಕೊಂಡು ಜೆರಾಕ್ಸ್ ತೆಗೆಯುತ್ತಿದ್ದೆ. ಒಬ್ಬರ ಆಧಾರ್ ಕಾರ್ಡಿಗೆ ಇನ್ನೊಬ್ಬರ ಪಹಣಿ ಸೇರಿಸಿ ಬೈಸಿಕೊಂಡೆ. ಸಿಂಚನಾ ಫ್ರಿಜ್ಜಿಗೆ ಒಂದು ಹಾಳೆ ಅಂಟಿಸಿ ದಿನಾ ನನ್ನ ತೂಕ ಬರೆದಳು, ಹಾಳೆಯ ಕೆಳಗೆ ನೀಲಿ ಬಣ್ಣದಲ್ಲಿ ಅಲೆಗಳನ್ನು ಬರೆದಳು. ಅದನ್ನು ನೋಡಿದರೆ ಎರಡನೇ ಚಪಾತಿಗೆ ಕೈ ಹೋಗುತ್ತಿರಲಿಲ್ಲ. ಕೊನೆಯ ಭಾನುವಾರ ತೂಕ ಎಂಬತ್ನಾಲ್ಕು ಕೆಜಿ ಎಂಟುನೂರು ಗ್ರಾಂ. ಸೋಮವಾರ ಅಂತಿಮ ತೂಕ. ಅವರಿಬ್ಬರೂ ಬಸ್ಸಿಗೆ ಬರಲಿ, ನಾನು ನಡೆದೇ ಬರುತ್ತೇನೆ ಎಂದದ್ದು ಈ ಲೆಕ್ಕಾಚಾರದಿಂದ.

ಬಿಸಿಲಿಗೆ ಒಳ್ಳೆಯದೆಂದು ಬಿಳಿ ಜುಬ್ಬಾ, ಬಿಳಿ ಪೈಜಾಮ ಹಾಕಿಕೊಂಡೆ. ಕಾಲಿಗೆ ಹೊಸ ಬೂಟು. ಹೊಸ ಬೂಟು ಹಾಕಿಕೊಂಡು ಇಪ್ಪತ್ತು ಚಿಲ್ಲರೆ ಕಿಲೋಮೀಟರು ನಡೆಯಬಾರದೆಂದು ಯಾವ ಪುಣ್ಯಾತ್ಮನೂ ನನಗೆ ಹೇಳಿರಲಿಲ್ಲ. ನಾಲ್ಕನೇ ಕಿಲೋಮೀಟರಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಬೂಟು ಬಿಚ್ಚಿ ಚೀಲಕ್ಕೆ ಹಾಕಿದೆ, ಟವೆಲನ್ನು ತಲೆಗೆ ಸುತ್ತಿದೆ, ನಡೆದೆ.

ಸೋಮವಾರ. ಬಿಳಿ ಬಟ್ಟೆ. ಬರಿಗಾಲು. ಕೊಟ್ಟೂರಿನ ರಸ್ತೆ. ನಮ್ಮ ಕಡೆಯ ಹಸುಗೂಸಿಗೂ ಇದರ ಅರ್ಥ ಗೊತ್ತು: ಕೊಟ್ಟೂರೇಶ್ವರನಿಗೆ ಹರಕೆ ಹೊತ್ತವನು ಪಾದಯಾತ್ರೆ ಹೊರಟಿದ್ದಾನೆ! ಗೊತ್ತಾಗದೆ ಹೋದದ್ದು ನನಗೊಬ್ಬನಿಗೆ.

ಮೊದಲ ಹಳ್ಳಿಯಲ್ಲಿ ಒಬ್ಬ ಅಜ್ಜಿ ತಂಬಿಗೆ ಹಿಡಿದು ರಸ್ತೆಗೇ ಬಂದಳು. ಏನು ಎತ್ತ ಎನ್ನುವುದರೊಳಗೆ ನನ್ನ ಕಾಲಿಗೆ ನೀರು ಹಾಕಿ, ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಬರ್ರಿಯಪ್ಪಾ, ಕುಂದರ್ರಿ. ಏನು ಹರಕಿ ಹೊತ್ತೀರಿ?"

ಕಾಲು ಮುಟ್ಟಿ ನಮಸ್ಕಾರ ಮಾಡಿದ ಮುದುಕಿಗೆ "ಹೊಟ್ಟೆ ಕರಗಿಸೋಕೆ ಹೊರಟೀನಿ" ಎಂದು ಯಾವ ಬಾಯಲ್ಲಿ ಹೇಳಲಿ? ತಡವರಿಸಿ, "ಮಗಳ ಸಲುವಾಗಿರಿ" ಎಂದೆ. ಸುಳ್ಳೇನಲ್ಲವಲ್ಲ!

"ಅಯ್ಯ ನನ್ನ ಶಿವನ! ಕೂಸಿಗೆ ಒಳ್ಳೇದಾಗ್ಲಿ" ಎಂದು ಅಜ್ಜಿ ಒಳಗೆ ಹೋಗಿ ಒಗ್ಗರಣೆ ಮಂಡಕ್ಕಿಯ ತಟ್ಟೆ ತಂದಳು. ಅದರ ಮೇಲೆ ನಾಲ್ಕು ಮಿರ್ಚಿ. ಬಿಸಿ ಬಿಸಿ. ತಿಂಗಳ ಮೇಲೆ ಕಂಡ ಮುಖಗಳು!

"ಬ್ಯಾಡರಿ ಅಮ್ಮಾ, ನಾನು ತಿನ್ನಂಗಿಲ್ಲ."

"ಹಂಗನ್ಬ್ಯಾಡ್ರಿ. ಸ್ವಾಮಿ ಹಂತ್ಯಾಕ ನಡಕಂತ ಹೋಗೋರು ಬ್ಯಾಡ ಅಂದು ಎದ್ದು ಹೋದ್ರ ನಮ್ಮ ಮನಿಗೆ ಚಲೋ ಅಲ್ಲ."

ಒಂದು ಮನೆಗೆ ಕೆಡುಕಾಗುವುದನ್ನು ನೋಡುತ್ತಾ ನಿಲ್ಲುವಷ್ಟು ಕಟುಕ ನಾನಲ್ಲ. ನಾಲ್ಕನ್ನೂ ತಿಂದೆ. ಹೊರಡುವಾಗ ಅಜ್ಜಿ ಒಂದು ತೆಂಗಿನಕಾಯಿ ಕೊಟ್ಟಳು. "ನಮ್ಮ ಹೆಸರಿಲೆ ಗುಡಿಯಾಗ ಒಡಸ್ರಿ. ಮರತೀರಿ ಮತ್ತ, ಪ್ರಸಾದ ತಂದು ಕೊಡಬೇಕು."

ಅಜ್ಜಿಯ ಮಗ ಬೈಕಿನಲ್ಲಿ ನನಗಿಂತ ಮುಂದೆ ಹೋದ. ಅವನ ಜೊತೆ ಸುದ್ದಿಯೂ ಹೋಯಿತು. ಮುಂದಿನ ಹಳ್ಳಿಯಲ್ಲಿ ಮೂರು ಮನೆಯವರು ನನ್ನ ದಾರಿಯನ್ನೇ ಕಾಯುತ್ತಿದ್ದರು.

"ಮಗಳಿಗೆ ಆರಾಮಿಲ್ಲಂತಲ್ರಿ?"

"ಇಲ್ಲರಿ, ಆಕಿ ಗುಂಡಕಲ್ಲ ಇದ್ದಂಗ ಅದಾಳ!"

"ಹಂಗ ಧೈರ್ಯ ಇರಬೇಕು ನೋಡ್ರಿ" ಎಂದು ಅವರು ಕಣ್ಣೊರೆಸಿಕೊಂಡು ಹೋಳಿಗೆ ಬಡಿಸಿದರು, ತುಪ್ಪ ಸುರಿದರು. ಮೂರು ಮನೆ, ಮೂರು ತಟ್ಟೆ, ಮೂರು ಕಾಯಿ. ಅದರ ಮುಂದಿನ ಊರಿನಲ್ಲಿ ಗೋಧಿ ಹುಗ್ಗಿ. ಅಷ್ಟೊತ್ತಿಗೆ ನನ್ನ ಮಗಳು ದೊಡ್ಡಾಸ್ಪತ್ರೆ ಸೇರಿದ್ದಳು! ಅಲ್ಲಿ ಶೇಂಗಾ ಬೆಳೆಯುವ ಒಬ್ಬರು ನನ್ನನ್ನು ಗುರುತು ಹಿಡಿದು, "ನೀವು ಬಸವರಾಜನ ಮಾವ ಅಲ್ಲೇನ್ರಿ?" ಎಂದು ಮೊಬೈಲ್ ಹೊರತೆಗೆದಾಗ ನಾನು ಹುಗ್ಗಿಯ ತಟ್ಟೆ ಕೆಳಗಿಟ್ಟು ಎದ್ದೆ.

ಸಾಕಪ್ಪಾ ಸಾಕು ಎಂದು ರಸ್ತೆಯಲ್ಲಿ ಬರುತ್ತಿದ್ದ ಬಸ್ಸಿಗೆ ಕೈ ಮಾಡಿದೆ. ನಿಂತಿತು. ಕಂಡಕ್ಟರ್ ನನ್ನ ಬರಿಗಾಲು ನೋಡಿದ, ಕಾಯಿಯ ಚೀಲ ನೋಡಿದ, ಕೈ ಮುಗಿದ.

"ಇಲ್ಲಿಗಂಟ ಬಂದು ಹರಕಿ ಮುರೀಬ್ಯಾಡ್ರಿ ಯಜಮಾನ್ರ. ಇನ್ನ ಎಂಟ ಕಿಲೋಮೀಟ್ರು. ರೈಟ್, ರೈಟ್!"

ಒಳಗಿದ್ದವರೆಲ್ಲ ಕಿಟಕಿಯಿಂದ ಕೈ ಮುಗಿದರು. ಬಸ್ಸು ಹೋಯಿತು.

ಕೊಟ್ಟೂರಿನಲ್ಲಿ ಬಸವರಾಜನ ಮನೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಹೆಗಲ ಮೇಲಿನ ಚೀಲದಲ್ಲಿ ಹನ್ನೊಂದು ತೆಂಗಿನಕಾಯಿ. ಬಾಗಿಲಲ್ಲಿ ಗಿರಿಜಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ರೀ! ಸಿಂಚನಾಗ ಏನಾಗೇತಿ ಅಂತ ಕೇಳಿ ಒಂಬತ್ತು ಮಂದಿ ಬಸವರಾಜಗ ಫೋನ್ ಮಾಡ್ಯಾರ! ಒಬ್ರು ಜ್ವರ ಅಂತಾರ, ಒಬ್ರು ಆಪರೇಶನ್ ಅಂತಾರ! ದಾರಿ ತುಂಬ ಏನು ಹೇಳ್ಕೊಂತ ಬಂದೀರಿ?"

"ನಾನು ಏನೂ ಹೇಳಿಲ್ಲ, ಬರೇ ತಿಂದೀನಿ" ಎಂದೆ. ಹೇಳಬಾರದಿತ್ತು.

ಶೇಂಗಾ ಚೀಲ ತೂಗುವ ಯಂತ್ರದ ಮೇಲೆ ನನ್ನನ್ನು ನಿಲ್ಲಿಸಿದರು. ಕೆಂಪು ಅಂಕಿಗಳು ಎಂಬತ್ನಾಲ್ಕರಲ್ಲಿ ನಿಲ್ಲದೆ, ಎಂಬತ್ತೈದನ್ನು ದಾಟಿ, ಎಂಬತ್ತಾರು ಕೆಜಿ ನಾನೂರು ಗ್ರಾಮಿಗೆ ಬಂದು ಸುಧಾರಿಸಿಕೊಂಡವು.

"ಮಾವ, ಆ ಕಾಯಿ ಚೀಲ ಕೆಳಗ ಇಡ್ರಿ, ಅದಕ್ಕ ಜಾಸ್ತಿ ತೋರಸಾಕತ್ತೈತಿ" ಎಂದ ಬಸವರಾಜ. ಒಳ್ಳೆಯ ಹುಡುಗ. ಆದರೆ ಚೀಲ ಆಗಲೇ ಕೆಳಗಿತ್ತು.

ಸಿಂಚನಾ ನನ್ನ ಮುಖ ನೋಡಲಿಲ್ಲ, ಅಂಕಿಯನ್ನೇ ನೋಡಿದಳು. "ಹಂಗಾರ ಸಮುದ್ರ ಇಲ್ಲೇನಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಅವಳು ಗದರಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೊಬ್ಬೆಗಳೂ ಆಗಲೇ ಉರಿಯತೊಡಗಿದವು.

ಗಿರಿಜಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತೀರ್ಪು ಕೊಟ್ಟಳು. "ಪಂಥ ಸೋತೋರು ಇವ್ರು. ಕೂಸೇನು ಸೋತಿಲ್ಲ. ಬಸವರಾಜನ ಕಾರು ನಾಳೆ ನಸುಕಿನಾಗ ಸಮುದ್ರಕ್ಕ ಹೊಂಟೈತಿ. ನಾವಿಬ್ರೂ ಅದರಾಗ ಹೋಗ್ತೀವಿ."

"ನಾನು?" ಎಂದೆ.

"ನೀವು ಹೆಂಗ ಬರ್ತೀರಿ? ಹನ್ನೊಂದು ಮನಿಗೆ ಪ್ರಸಾದ ಮುಟ್ಟಸೋರು ಯಾರು? ಕೊಬ್ಬರಿ ಕೆಡಾದ್ರಾಗ ಹೋಗ್ರಿ!"

ಮಾತಿಗೆ ಎದುರಾಡುವ ಹಾಗಿರಲಿಲ್ಲ. ಅಂದೇ ಗುಡಿಗೆ ಹೋಗಿ ಹನ್ನೊಂದು ಹೆಸರಿನಲ್ಲಿ ಹನ್ನೊಂದು ಕಾಯಿ ಒಡೆಸಿ, ಹೋಳುಗಳ ಚೀಲ ಹೊತ್ತು ಬಸ್ಸಿಗೆ ಕೂಡ್ಲಿಗಿಗೆ ಬಂದೆ. ಮರುದಿನ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಬೈಕ್ ಹತ್ತಿ, ಮೊದಲು ಅಜ್ಜಿಯ ಮನೆಗೇ ಹೋದೆ.

"ಮಗಳು ಹೆಂಗ ಅದಾಳಪ್ಪಾ?"

"ಆರಾಮ ಅದಾಳರಿ."

"ನೋಡ್ರಿ! ಹರಕಿ ಕೈ ಹಿಡೀತು!" ಅಜ್ಜಿ ಕುಣಿಯುವುದೊಂದು ಬಾಕಿ. ಆ ಸಂತೋಷಕ್ಕೆ ಈ ಸಲ ತಟ್ಟೆಯಲ್ಲಿ ಆರು ಮಿರ್ಚಿ. ಬೇಡ ಎನ್ನುವ ಅಧಿಕಾರವನ್ನು ನಾನು ಹಿಂದಿನ ದಿನವೇ ಕಳೆದುಕೊಂಡಿದ್ದೆ.

ಮೂರನೆಯದನ್ನು ಕಚ್ಚಿದ್ದೆ, ಅಷ್ಟರಲ್ಲಿ ಮೊಬೈಲಿನಲ್ಲಿ ಸಿಂಚನಾ ಬಂದಳು. ಮೊಣಕಾಲುದ್ದ ನೀರು, ಒದ್ದೆ ಲಂಗ, ಮುಖದ ತುಂಬ ನಗು. "ಅಪ್ಪಾ, ಎಷ್ಟ ದೊಡ್ಡದೈತಿ ನೋಡು! ಆ ಕಡಿ ದಂಡೀನ ಕಾಣವಲ್ದು!" ಎಂದು ಕೂಗಿದಳು. ಅಂಗೈ ಅಗಲದ ಸಮುದ್ರವನ್ನು ನಾನೂ ನೋಡಿದೆ. ಅಜ್ಜಿಗೂ ತೋರಿಸಿದೆ. ಆಸ್ಪತ್ರೆಯಿಂದ ಎದ್ದು ಬಂದ ಕೂಸು ನೀರಿನಲ್ಲಿ ಕುಣಿಯುವುದನ್ನು ನೋಡಿ ಅಜ್ಜಿ ಕೊಟ್ಟೂರಿನ ದಿಕ್ಕಿಗೆ ಕೈ ಮುಗಿದಳು.

"ಅಪ್ಪಾ, ಬಾಯಾಗ ಏನೈತಿ?"

"ಏನಿಲ್ಲವ್ವ, ಪ್ರಸಾದ" ಎಂದೆ, ಮಿರ್ಚಿ ನುಂಗಿ.

ಇನ್ನೂ ಹತ್ತು ಮನೆ ಬಾಕಿ ಇದ್ದವು.