ಬ್ಯಾಡಗಿಯಿಂದ ಬರ್ಮಾಕ್ಕೆ ಹಾರುವ ಮಾವ

ನಮ್ಮ ಸೋದರಮಾವ ಹುಟ್ಟಿದ್ದು ಬ್ಯಾಡಗಿಯಲ್ಲಿ, ಬೆಳೆದದ್ದು ಬ್ಯಾಡಗಿಯಲ್ಲಿ, ಸತ್ತದ್ದು ಮಾತ್ರ ಬರ್ಮಾದ ಕಾಡಿನಲ್ಲಿ! ಅದೂ ಒಂದು ಸಲವಲ್ಲ, ಹಲವಾರು ಸಲ. ಪ್ರತಿ ಸಲ ಸತ್ತ ಮೇಲೂ ತಲೆಯ ಮೇಲೆ ನೀರು ಹಾಕಿಕೊಂಡು ಬಂದು ಊಟಕ್ಕೆ ಕೂತಿದ್ದಾರೆ. ಸುಳ್ಳೆನ್ನುವವರು ನಮ್ಮ ಅತ್ತೆಯನ್ನು ಕೇಳಿ, ಬಡಿಸಿದವರು ಅವರೇ.

ಗಾಬರಿಯಾಗಬೇಡಿ. ಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಅಂಗಡಿಯ ಕೆಲಸಕ್ಕೆಂದು ಮನೆಗೆ ತಂದ ಕಂಪ್ಯೂಟರ್ ಅದು ಹೇಗೋ ಎರಡನೇ ಮಹಾಯುದ್ಧಕ್ಕೆ ಸೇರಿಕೊಂಡಿತು. ಅದರೊಳಗಿನ ಆಟದಲ್ಲಿ ಬರ್ಮಾದ ರಣರಂಗವಿದೆ, ಆ ಕಾಲದ ಹರಿಕೇನ್ ಎಂಬ ಯುದ್ಧವಿಮಾನವಿದೆ. ಮಾರುಕಟ್ಟೆ ಮುಗಿಸಿ ಬಂದ ಮಾವ ಕಿಟಕಿಯ ಪರದೆ ಎಳೆದು, ಜಾಯ್‌ಸ್ಟಿಕ್ ಹಿಡಿದು ಕೂತರೆಂದರೆ ಆಯಿತು, ಹೋದರು! ನಿಜವಾದ ವಿಮಾನವನ್ನು ಇವರು ಹತ್ತಿರದಿಂದ ಕಂಡವರಲ್ಲ. ಜೋಕಾಲಿ ಹತ್ತಿದರೇ ತಲೆ ತಿರುಗುವ ಮನುಷ್ಯ.

ಆಟವನ್ನು ಆಟದಂತೆ ಆಡಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಮಾವನಿಗೆ ಎಲ್ಲವೂ ಖರೇ ಖರೇ ಆಗಬೇಕು. ಎಂಜಿನ್ ಚಾಲೂ ಮಾಡಿ, ಅದು ಬಿಸಿಯಾಗುವ ತನಕ ಕೈಕಟ್ಟಿ ಕಾಯುತ್ತಾರೆ. ಇತ್ತ ರೊಟ್ಟಿ ಆರುತ್ತಿದೆ ಎಂದು ಅತ್ತೆ ಕೂಗಿದರೆ, ಅತ್ತ ಎಂಜಿನ್ ಇನ್ನೂ ಕಾದಿಲ್ಲ ಎಂದು ಉತ್ತರ. ಮೇಲೆ ಚಳಿ ಇರುತ್ತದಂತೆ. ಅದಕ್ಕಾಗಿ ಬ್ಯಾಡಗಿಯ ಬೇಸಿಗೆಯಲ್ಲಿ ಸ್ವೆಟರು, ಮಂಕಿ ಕ್ಯಾಪು! ಒಮ್ಮೆ ಮೇಡ್ಲೇರಿಯ ರೈತರೊಬ್ಬರು ಕಾಯಿಯ ದರ ಕೇಳಲು ಮನೆಗೇ ಬಂದರು. ಈ ವೇಷ ಕಂಡು ಜ್ವರವೇನಾದರೂ ಬಂದಿದೆಯೇ ಎಂದು ವಿಚಾರಿಸಿದರು. ಮಾವ ಕತ್ತು ಹೊರಳಿಸದೆ, "ಸ್ವಲ್ಪ ಕುಂದರ್ರಿ, ಬಾಳ ಮ್ಯಾಲ ಅದೇನಿ" ಎಂದರು. ರೈತರು ಮಾಳಿಗೆಯ ಕಡೆ ಒಮ್ಮೆ ನೋಡಿ, ಅತ್ತೆಯನ್ನು ಕನಿಕರದಿಂದ ನೋಡಿ, ಚಹಾ ಕುಡಿದು ಹೋದರು.

ಇಷ್ಟು ಮಾಡಿದ ಮೇಲಾದರೂ ಶತ್ರು ಲಗೂ ಸಿಗುತ್ತಾನೆಯೇ? ಗಂಟೆಗಟ್ಟಲೆ ಬರೀ ಮೋಡ. ನಾನು ರಾಣೇಬೆನ್ನೂರಿನಿಂದ ಹೋದಾಗಲೆಲ್ಲ ಪಕ್ಕದ ದಿವಾನದ ಮೇಲೆ ಒರಗಿ ನೋಡುತ್ತಿರುತ್ತೇನೆ. ಕೆಳಗೆ ನೀಲಿ ಸಮುದ್ರ, ಮೇಲೆ ಬಿಸಿಲು. ಎಂಜಿನ್ನಿನ ಸದ್ದೂ ಫ್ಯಾನಿನ ಸದ್ದೂ ಒಂದರೊಳಗೊಂದು ಬೆರೆತು, ಹೊರಗಿನಿಂದ ಒಣಮೆಣಸಿನ ಘಾಟು ಮೆಲ್ಲಗೆ ಒಳಬಂದು, ಕಣ್ಣು ತಾನಾಗಿ ಮುಚ್ಚುತ್ತದೆ. ನಿದ್ದೆಯಲ್ಲಿ ನಾನೂ ಹಾರುತ್ತಿರುತ್ತೇನೆ. ಕೆಳಗಿರುವುದು ಸಮುದ್ರವೋ, ಅಂಗಳದಲ್ಲಿ ಹರವಿದ ಕೆಂಪು ಕಾಯಿಯೋ ತಿಳಿಯುವುದಿಲ್ಲ. ಸೀನು ಬಂದು ಎಚ್ಚರವಾದರೆ ಮಾವ ಇನ್ನೂ ಅದೇ ಮೋಡದೊಳಗೆ ಇರುತ್ತಾರೆ.

ನಾನು ಬೇರೆ ಪಂಥದವನು. ನನ್ನ ಬೀಜದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಆಟವನ್ನು ಸುಲಭದ ಬಗೆಯಲ್ಲಿ ಆಡುತ್ತೇನೆ. ಗುಂಡು ಮುಗಿಯುವುದಿಲ್ಲ, ಎಣ್ಣೆ ತೀರುವುದಿಲ್ಲ, ಸತ್ತರೆ ಒಂದು ಗುಂಡಿ ಒತ್ತಿದರಾಯಿತು, ಮತ್ತೆ ಆಕಾಶ! ಆಟವೆಂದ ಮೇಲೆ ಮಜಾ ಬೇಡವೇ? ಇದನ್ನು ಹೇಳಿದರೆ ಮಾವನಿಗೆ ಉರಿಯುತ್ತದೆ.

"ಅದು ಯುದ್ಧ ಅಲ್ಲೋ, ದೊಡ್ಡಾಟ" ಎನ್ನುತ್ತಾರೆ. "ಸತ್ತ ರಾಕ್ಷಸ ಪರದೆ ಹಿಂದ ಎದ್ದು ಕುಂತು ಚಾ ಕುಡೀತಾನ."

ಇಂಥ ಮಾವನಿಗೆ ಈಚೆಗೆ ಕಣ್ಣು ಕೈಕೊಟ್ಟಿತು. ಹಾವೇರಿಯ ಡಾಕ್ಟರು ನರ ಸೋತಿದೆ, ಹೋದ ದೃಷ್ಟಿ ಮರಳಿ ಬರದು, ಹನಿ ಹಾಕಿಕೊಂಡು ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಮಾವ ಕೇಳಿದ್ದು ಒಂದೇ ಮಾತು: ಮೋಡದ ಮುಂದೆ ಸಾಸಿವೆಯಷ್ಟು ಚುಕ್ಕೆ ಇದ್ದರೆ ಕಾಣುತ್ತದೆಯೇ? ಡಾಕ್ಟರು ಇಲ್ಲವೆಂದರು. ದೂರದ ಶತ್ರುವಿಮಾನ ಕಾಣುವುದೇ ಅಷ್ಟು. ಅದು ಕಾಣದಿದ್ದರೆ ಮಾವನ ಹಾರಾಟ ಮುಗಿದಂತೆಯೇ.

ಆಟದಲ್ಲಿ ಇದಕ್ಕೂ ಮದ್ದಿದೆ. ಒಂದು ಗುಂಡಿ ಒತ್ತಿದರೆ ಪ್ರತಿ ಶತ್ರುವಿಮಾನದ ತಲೆಯ ಮೇಲೆ ಅದರ ಹೆಸರು ಕೆಂಪಗೆ, ದಪ್ಪಗೆ ಮೂಡುತ್ತದೆ. ಮಜಾ ಪಂಥದವನಾದ ನಾನು ಇದನ್ನು ಹೇಳಿದೆ.

"ಆಕಾಶದಾಗ ಯಾರದರ ಹೆಸರ ಬರದಿರ್ತೈತೇನೋ ಅಳಿಯಾ?" ಎಂದರು ಮಾವ.

ಅಷ್ಟೇ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಬಿಟ್ಟರು. ವರ್ಷಗಟ್ಟಲೆ ಆ ಗುರ್ರೆನ್ನುವ ಸದ್ದಿಗೆ ಶಾಪ ಹಾಕಿದ ಅತ್ತೆ, ಈಗ ಆ ಸದ್ದಿಲ್ಲದೆ ತಮಗೇ ಊಟ ಸೇರುತ್ತಿಲ್ಲವೆಂದು ಫೋನಿನಲ್ಲಿ ಹೇಳಿಕೊಂಡರು. ಮಾವ ಮಧ್ಯಾಹ್ನವೆಲ್ಲ ಟವೆಲ್ಲಿನ ಎದುರು ಸುಮ್ಮನೆ ಕೂತಿರುತ್ತಾರಂತೆ. ಕೇಳಿ ನನಗೂ ಸಂಕಟವಾಯಿತು.

ಮರುವಾರ ಬಸ್ಸು ಹತ್ತಿ ಹೋದೆ. ಬಾಗಿಲಲ್ಲೇ ಎಂಜಿನ್ನಿನ ಸದ್ದು! ಒಳಗೆ ನೋಡಿದರೆ ಕುರ್ಚಿ ಎರಡು. ಹಿಂದೆ ಕೂತು ಶತ್ರುವನ್ನು ಹುಡುಕಲೆಂದೇ ಇನ್ನೊಬ್ಬ ಆಳು ಇರುವ ವಿಮಾನಗಳೂ ಆ ಯುದ್ಧದಲ್ಲಿದ್ದವಂತೆ. ಮಾವ ಹರಿಕೇನ್ ಬಿಟ್ಟು ಅಂಥದೊಂದಕ್ಕೆ ವರ್ಗ ಮಾಡಿಸಿಕೊಂಡಿದ್ದರು. ಹಿಂದಿನ ಸೀಟಿಗೆ ಅತ್ತೆ! ಆದರೆ ಖರೇ ವಿಮಾನದಲ್ಲಿ ಆ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರಲ್ಲ, ಮಾವ ಕುರ್ಚಿಗಳನ್ನೂ ಹಾಗೆಯೇ ಹಾಕಿದ್ದರು. ಪಾಪ, ಅತ್ತೆ ಗೋಡೆಗೆ ಮುಖ ಮಾಡಿ, ಕೈಯಲ್ಲೊಂದು ಕನ್ನಡಿ ಹಿಡಿದು, ಅದರೊಳಗೆ ಕಂಪ್ಯೂಟರ್ ನೋಡುತ್ತಿದ್ದರು. ಕನ್ನಡಿಯಲ್ಲಿ ಎಡ-ಬಲ ಅದಲುಬದಲಾಗಿ ಮಾವ ಆಗಲೇ ಎರಡು ಸಲ ಶತ್ರುವಿನ ಬಾಯಿಗೆ ಬಿದ್ದಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಕನ್ನಡಿಯನ್ನು ಕೆಳಗಿಟ್ಟರು.

"ಮದುವಿ ಆದಾಗಿಂದ ನಿಮ್ಮ ಮಾರಿ ಆ ಕಡೆ, ನನ್ನ ಮಾರಿ ಈ ಕಡೆ. ಈಗರ ಒಂದ ಕಡೆ ನೋಡೂಣ್ರಿ."

ಮಾವ ಜಾಯ್‌ಸ್ಟಿಕ್ ಕೈಬಿಟ್ಟರು. ತಿರುಗುತ್ತಿದ್ದ ಎಂಜಿನ್ನನ್ನು ಹಾಗೇ ಬಿಟ್ಟು ಎದ್ದರು. ಅತ್ತೆಯ ಕುರ್ಚಿಯನ್ನು ತಾವೇ ಹೊರಳಿಸಿ, ತಮ್ಮ ಕುರ್ಚಿಗೆ ತಾಗಿಸಿ ಇಟ್ಟರು. ಖರೇ ಆಟದಲ್ಲಿ ಗುಲಗಂಜಿಯಷ್ಟೂ ಸಡಿಲ ಬಿಡದ ಮನುಷ್ಯ!

ವಿಮಾನ ಮೇಲೇರಿತು. ಮೋಡ, ಬಿಸಿಲು, ಕೆಳಗೆಲ್ಲೋ ಮಸುಕಾಗಿ ಕಾಡು. ಬಹಳ ಹೊತ್ತಿನ ಮೇಲೆ ಅತ್ತೆ, ಬಲಕ್ಕೆ ಮೇಲುಗಡೆ ಒಂದು ಚುಕ್ಕೆ ಇದೆ ಎಂದರು. ನನಗೂ ಕಾಣಲಿಲ್ಲ. ಮಾವ ಇಣುಕಿ ನೋಡಲೂ ಹೋಗಲಿಲ್ಲ, ವಿಮಾನವನ್ನು ಆ ಕಡೆ ಹೊರಳಿಸಿದರು.

"ಕಾಣ್ತೈತೇನ್ರಿ?" ಎಂದು ಅತ್ತೆ ಕೇಳಿದರು.

"ಇಲ್ಲ."

"ಇರಲಿ, ಹಂಗ ನೆಟ್ಟಗ ಹೋಗ್ರಿ. ನಾ ನೋಡಾಕತ್ತೇನಿ."