ಸ್ವಲ್ಪ ಎಡಕ್ಕೆ

ವಿಲ್ಬರ್ ಹಾಕಿನ್ಸನ ಆ ದಿನದ ಫಜೀತಿಗೆಲ್ಲ ಮೂಲ, ಬೆಳಗ್ಗೆ ಓಟ್ಸ್ ಗಂಜಿ ಉಣ್ಣುವಾಗ ಅವನ ಬಾಯಿಂದ ಜಾರಿದ ಒಂದು ಮಾತು.

"ಆ ನೋಟ ಇದೆಯಲ್ಲ, ಅದು ಡೆವರೋನ ನೋಡಿದ್ದಲ್ಲ. ನನ್ನ ನೋಡಿದ್ದು."

ಲಾಸ್ ಏಂಜಲಿಸ್‌ನ ಮುದಿ ಸಿನಿಮಾ ಕೆಲಸಗಾರರ ಆ ವಿಶ್ರಾಂತಿಧಾಮದಲ್ಲಿ ಚಮಚಗಳ ಸದ್ದು ನಿಂತಿತು. ಕೊರಿನ್ ಹೇಲ್ ತೀರಿಕೊಂಡು ಆರು ವಾರವಾಗಿತ್ತು. ಅವಳೂ ಗ್ರಾಂಟ್ ಡೆವರೋನೂ ಜೋಡಿಯಾಗಿ ನಟಿಸಿದ್ದು ಏಳು ಚಿತ್ರ. ಪ್ರತಿ ಚಿತ್ರದ ಕೊನೆಗೂ ಅವಳು ಒಮ್ಮೆ ಕಣ್ಣೆತ್ತಿ ನೋಡುತ್ತಿದ್ದಳು. ಆ ನೋಟ ಕಂಡು ಅಮೆರಿಕದಲ್ಲಿ ಅರ್ಧ ಜನ ಮದುವೆಯಾದರು. ಮನೆಯಲ್ಲಿ ತಮ್ಮನ್ನು ಯಾರೂ ಹಾಗೆ ನೋಡುವುದಿಲ್ಲವೆಂದು ಆಮೇಲೆ ಅರ್ಧ ಜನ ಕಟ್ಟಿಕೊಂಡವರನ್ನು ಬಿಟ್ಟರು. ಡೆವರೋ ಹೋಗಿ ಹತ್ತು ವರ್ಷವಾಗಿತ್ತು. ಈಗ ಅವಳೂ ಹೋದಳು. ಮಧ್ಯಾಹ್ನ ಮೂರಕ್ಕೆ ಊರಿನ ಹಳೇ ಚಿತ್ರಮಂದಿರದಲ್ಲಿ ಅವಳ ನೆನಪಿನ ಸಭೆ. ಅವಳ ಜೊತೆ ದುಡಿದವರೊಬ್ಬರು ಎರಡು ನಿಮಿಷ ಮಾತಾಡಬೇಕೆಂದು ಧಾಮಕ್ಕೆ ಕರೆ ಬಂದಿತ್ತು. ಆ ಎರಡು ನಿಮಿಷಕ್ಕಾಗಿ ವಿಲ್ಬರ್ ಮೂವತ್ತು ವರ್ಷದಿಂದ ಕಾದಿದ್ದ.

ವಿಲ್ಬರ್ ನಟನಲ್ಲ. ಡೆವರೋನ ಬದಲಿ ಆಳು. ಎತ್ತರ ಅದೇ, ಭುಜ ಅದೇ, ಕೂದಲಿನ ಬಣ್ಣ ಅದೇ. ಮುಖ ಮಾತ್ರ ದೇವರು ಊಟಕ್ಕೆ ಎದ್ದು ಹೋಗುವ ಆತುರದಲ್ಲಿ ಮುಗಿಸಿದಂತಿತ್ತು. ದೀಪಗಳನ್ನು ಹೊಂದಿಸುವ ತನಕ ಬಿಸಿಲಿಗೆ ಹಾಕಿದ ಹಪ್ಪಳದಂತೆ ನಾಯಕನ ಜಾಗದಲ್ಲಿ ಸುಡುತ್ತ ನಿಲ್ಲುವುದು ಅವನ ಕೆಲಸ. ಎಲ್ಲ ಸಿದ್ಧವಾದ ಮೇಲೆ ಡೆವರೋ ಬಂದು "ಹ್ಞೂಂ" ಅನ್ನುತ್ತಿದ್ದ, ಇವನು ಸರಿಯುತ್ತಿದ್ದ. ಹದಿನಾಲ್ಕು ವರ್ಷ ಅವರಿಬ್ಬರ ನಡುವೆ ನಡೆದ ಸಂಭಾಷಣೆ ಅಷ್ಟೇ.

ಆದರೆ ನಾಲ್ಕು ಗಂಟೆಯಾದರೆ ಡೆವರೋ ಗಾಲ್ಫ್ ಆಡಲು ಹೊರಟುಬಿಡುತ್ತಿದ್ದ. ಕೊರಿನ್‌ಳ ಮುಖವನ್ನು ಹತ್ತಿರದಿಂದ ಹಿಡಿಯುವ ಕೆಲಸವೆಲ್ಲ ಅವನು ಹೋದ ಮೇಲೇ. ಆಗ ಕ್ಯಾಮೆರಾಗೆ ಬೆನ್ನು ಹಾಕಿ, ನಾಯಕನ ಕೋಟು ತೊಟ್ಟು, ಅವಳೆದುರು ನಿಲ್ಲುತ್ತಿದ್ದವನು ವಿಲ್ಬರ್. ತೆರೆಯ ಅಂಚಿನಲ್ಲಿ ಕಾಣುವ ಆ ಭುಜ, ಆ ಬೆನ್ನು ಇವನದು. ಅವಳು ಕಣ್ಣೆತ್ತಿ ನೋಡುವ ಮುಂಚೆ ಪ್ರತಿ ಸಲವೂ ಮೆಲ್ಲಗೆ ಹೇಳುತ್ತಿದ್ದಳು, "ಸ್ವಲ್ಪ ಎಡಕ್ಕೆ, ಚಿನ್ನ." ಅಷ್ಟೇ. ಆ ಮೂರು ಮಾತನ್ನು ಅವನು ಇವತ್ತಿನ ತನಕ ಒಡವೆಯಂತೆ ಎದೆಯಲ್ಲಿಟ್ಟುಕೊಂಡಿದ್ದ. ಮದುವೆಯೂ ಆಗಿರಲಿಲ್ಲ.

"ನಿನ್ನ ಮುಖಕ್ಕೆ ಆ ನೋಟವಾ?" ಅಂದ, ಹಿಂದೆ ಸ್ಟುಡಿಯೋದ ಉಡುಪಿನ ಕೋಣೆ ನೋಡಿಕೊಳ್ಳುತ್ತಿದ್ದ ಆಟೋ ಜೆಲೆಂಕಾ. "ಗಂಜಿ ಕುಡಿ, ಆರಿ ಹೋಗತ್ತೆ."

"ಎಡಕ್ಕೆ ಸರಿ ಅಂತ ಯಾಕೆ ಹೇಳ್ತಿದ್ಲು ಹೇಳು. ನನ್ನ ಮುಖದ ಮೇಲೆ ಬೆಳಕು ಬೀಳಲಿ ಅಂತ. ಚೆನ್ನಾಗಿ ಕಾಣಲಿ ಅಂತ."

"ಚೆನ್ನಾಗಿ ಕಾಣೋಕೆ ಬೆಳಕು ಆರಿಸಬೇಕಿತ್ತು ಕಣೋ."

ಎಲ್ಲರೂ ನಕ್ಕರು. ವಿಲ್ಬರನ ಕಿವಿ ಕೆಂಪಾಯಿತು. ಆಗ ಬಾಯಿ ಹಾಕಿದವಳು ಬೀ ಲೋಮ್ಯಾಕ್ಸ್. ಒಂದು ಶಾಟಿಗೂ ಮುಂದಿನದಕ್ಕೂ ಹೊಂದಲೆಂದು ಸೆಟ್ಟಿನಲ್ಲಿ ಯಾರ ಅಂಗಿ ಗುಂಡಿ ಎಲ್ಲಿತ್ತು, ಯಾರ ಲೋಟದಲ್ಲಿ ನೀರೆಷ್ಟಿತ್ತು ಎಂದು ಬರೆದಿಡುವುದು ಅವಳ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ.

"ಸುಮ್ನೆ ಯಾಕೆ ಜಗಳ? ಕೊನೇ ಚಿತ್ರದ್ದು ಒಂದು ತುಂಡು ನನ್ನ ಮಂಚದ ಕೆಳಗೆ ಡಬ್ಬಿಯಲ್ಲಿದೆ. ಎಡಿಟರ್ ಬಿಸಾಡಿದ್ದು, ನಾನು ಎತ್ತಿಟ್ಟೆ. ಕಟ್ ಅಂದ ಮೇಲೂ ಕ್ಯಾಮೆರಾ ಓಡ್ತಾನೇ ಇತ್ತು. ಮಾತೂ ಇದೆ. ಅವಳು ಯಾರನ್ನ ನೋಡ್ತಿದ್ಲು ಅಂತ ಅದೇ ಹೇಳತ್ತೆ."

"ನೀನು ನೋಡಿದೀಯಾ?" ಅಂದ ಆಟೋ.

"ಮಂಚದ ಕೆಳಗೆ ಪ್ರೊಜೆಕ್ಟರ್ ಇಟ್ಕೊಂಡಿದೀನಾ ನಾನು?"

"ತಗೊಂಡು ಬಾ," ಅಂದ ವಿಲ್ಬರ್. ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. "ನನ್ನ ಮಾತು ಮುಗಿದ ತಕ್ಷಣ ಹಾಕಿಸು. ಇವರೆಲ್ಲ ಕಣ್ಣಾರೆ ನೋಡಲಿ."

ಮುಂದಿನ ತೊಡಕು ಸಭೆಗೆ ತೊಡಬೇಕಿದ್ದ ಅವನ ಹಳೇ ಕೋಟಿನದು. ವಯಸ್ಸು ವಿಲ್ಬರನನ್ನು ತಿಂದಿತ್ತು, ಕೋಟನ್ನು ಮುಟ್ಟಿರಲಿಲ್ಲ. ತೊಟ್ಟು ನಿಂತರೆ ಗೂಟಕ್ಕೆ ನೇತು ಹಾಕಿದ ಹಾಗೆ ಜೋತಾಡಿತು. ಆಟೋ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ತಂದು, ಹಿಂದಿನಿಂದ ನೆರಿಗೆ ಹಿಡಿದು ಒಂಬತ್ತು ಕ್ಲಿಪ್ಪು ಹಾಕಿದ. ಮುಂದಿನಿಂದ ನೋಡಿದರೆ ಮದುಮಗ.

"ಸ್ಟುಡಿಯೋದಲ್ಲೂ ಹೀಗೇ ಮಾಡ್ತಿದ್ವಿ. ಮುಂದೆ ಕಂಡರೆ ಸಾಕು. ಹಿಂದೆ ಯಾರು ನೋಡ್ತಾರೆ?"

"ನಾನು ಜೀವಮಾನವಿಡೀ ಕಂಡಿದ್ದೇ ಹಿಂದಿನಿಂದ, ಆಟೋ."

"ಇವತ್ತೊಂದು ದಿನ ತಿರುಗಬೇಡ, ಮುಗೀತು."

ಬಸ್ಸಿನಲ್ಲಿ ವಿಲ್ಬರ್ ಒರಗಲಾಗದೆ ಗೋರಿಯ ಕಲ್ಲಿನಂತೆ ನೆಟ್ಟಗೆ ಕೂತ. ಚಿತ್ರಮಂದಿರದೊಳಕ್ಕೆ ಗೋಡೆಗೆ ಬೆನ್ನು ಉಜ್ಜುತ್ತ, ಏಡಿಯ ಹಾಗೆ ಅಡ್ಡಡ್ಡ ನಡೆದು ಹೋದ. ಸಭೆ ನಡೆಸುತ್ತಿದ್ದ ಹುಡುಗಿ ಟ್ರೇಸಿ ಕೈ ಹಿಡಿದು ವೇದಿಕೆ ಹತ್ತಿಸಿದಳು. "ಇವರು ಡೆವರೋ ಅವರ ಪ್ರಾಣಸ್ನೇಹಿತರು," ಎಂದಳು.

"ಅಲ್ಲಮ್ಮ," ಅಂದ ವಿಲ್ಬರ್. "ಅವನು ಇಲ್ಲದಾಗ ಇದ್ದವನು."

ಆಮೇಲೆ ಅವನು ಮಾತಾಡಿದ. ಚೆನ್ನಾಗಿಯೇ ಮಾತಾಡಿದ. ನಾಲ್ಕು ಗಂಟೆಯ ಗಾಲ್ಫ್, ಸುಡುವ ದೀಪ, ಬೆನ್ನು, ಏಳು ಚಿತ್ರದ ಏಳು ನೋಟ. "ಸ್ವಲ್ಪ ಎಡಕ್ಕೆ, ಚಿನ್ನ" ಎಂದಾಗ ಮುಂದಿನ ಸಾಲಿನಲ್ಲಿ ಹೆಂಗಸರು ಕರವಸ್ತ್ರ ಹುಡುಕಿದರು. ಆಟೋ ಕೂಡ ಮೂಗು ಒರೆಸಿಕೊಂಡ. "ಆ ಪ್ರೀತಿ ಯಾರಿಗೆ ಅಂತ ನೀವೇ ನೋಡಿ," ಎಂದು ವಿಲ್ಬರ್ ತೆರೆಯ ಪಕ್ಕಕ್ಕೆ, ಅಡ್ಡಡ್ಡ, ಸರಿದು ನಿಂತ.

ಬೀಯ ಡಬ್ಬಿಯ ತುಂಡು ಓಡಿತು.

ತೆರೆ ತುಂಬ ಕೊರಿನ್ ಹೇಲ್. ಅಂಚಿನಲ್ಲಿ ಇವನ ಭುಜ. ಅವಳು ಕಣ್ಣೆತ್ತಿದಳು. ಆ ನೋಟಕ್ಕೆ ಮಂದಿರಕ್ಕೆ ಮಂದಿರವೇ ಉಸಿರು ಬಿಗಿ ಹಿಡಿಯಿತು. "ಕಟ್" ಎಂದಿತು ಯಾರದೋ ದನಿ. ಅವಳ ಕಣ್ಣು ಕದಲಲಿಲ್ಲ. ಇನ್ನಷ್ಟು ತುಂಬಿ ಬಂತು.

ತೆರೆಯ ಮೇಲಿನ ತುಟಿ ಅಲುಗಿತು.

"ಆರಾಗೋಕೆ ಇನ್ನು ಮೂರೇ ನಿಮಿಷ. ಆರು ಹೊಡೆದ ಮೇಲೆ ಒಂದು ಕ್ಷಣ ನಿಲ್ಲಲ್ಲ ನಾನು, ಈ ಶೂ ನನ್ನ ಪ್ರಾಣ ತೆಗೀತಿದೆ. ಈ ಮನುಷ್ಯನಿಗೆ ಇನ್ನೂ ಸ್ವಲ್ಪ ಎಡಕ್ಕೆ ನಿಂತ್ಕೊಳ್ಳೋಕೆ ಹೇಳಿ. ದಿನಾ ಹೇಳ್ತೀನಿ. ಅವನ ತಲೆ ಹಿಂದೆ ಗೋಡೆ ಗಡಿಯಾರ ಅರ್ಧಾನೇ ಕಾಣ್ತಿದೆ."

ಮೇಲಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಕಟ್ಟೆ ಒಡೆದು ಹರಿಯಿತು. ಕರವಸ್ತ್ರದ ಹೆಂಗಸರು ಅದೇ ಕರವಸ್ತ್ರವನ್ನು ಬಾಯಿಗೆ ಒತ್ತಿ ನಕ್ಕರು. ಬೀ ಮಾತ್ರ ನಗಲಿಲ್ಲ; ಮಡಿಲಲ್ಲಿದ್ದ ಖಾಲಿ ಡಬ್ಬಿಯನ್ನೇ ನೋಡುತ್ತ ಕೂತಳು.

ಮೂವತ್ತು ವರ್ಷ. ಗಡಿಯಾರ. ವಿಲ್ಬರನಿಗೆ ಅಲ್ಲಿಂದ ಹೊರಗೆ ಹೋದರೆ ಸಾಕಾಗಿತ್ತು. ಆಟೋನ ಮಾತು ಮರೆತು ಸಭೆಗೆ ಬೆನ್ನು ತಿರುಗಿಸಿದ. ಒಂಬತ್ತು ಕ್ಲಿಪ್ಪುಗಳೂ ದೀಪದ ಬೆಳಕಿಗೆ ಎದ್ದು ಕಂಡವು.

"ಅದೇ ಬೆನ್ನು," ಅಂದ ಮುಂದಿನ ಸಾಲಿನ ಮುದುಕನೊಬ್ಬ ಎದ್ದು ನಿಂತು. "ಏಳೂ ಚಿತ್ರದಲ್ಲಿ ನೋಡಿದೀನಿ. ಅದೇ ಬೆನ್ನು ಕಣ್ರೋ."

ಇಡೀ ಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೊರಿನ್‌ಗೂ ಸಿಗದಷ್ಟು ದೊಡ್ಡ ಚಪ್ಪಾಳೆ. ವಿಲ್ಬರ್ ಆಸೆಯಿಂದ ಇತ್ತ ತಿರುಗಿ ಮುಖ ತೋರಿಸಿದ. ಚಪ್ಪಾಳೆ ತಟಕ್ಕನೆ ಇಳಿಯಿತು.

ಹೊರಗೆ ಮೊಗಸಾಲೆಯಲ್ಲಿ ಕೊರಿನ್ ಹೇಲಳ ಆಳೆತ್ತರದ ಪೋಸ್ಟರ್ ಇತ್ತು. ಕೆಳಗೆ ಅವಳ ಹೆಸರು, ಅದರ ಪಕ್ಕ ಡೆವರೋನ ಹೆಸರು. ಫೋಟೋಗೆ ಜನ ಸಾಲು ನಿಂತಿದ್ದರು. ಟ್ರೇಸಿ ವಿಲ್ಬರನನ್ನು ಅದರ ಮುಂದೆ ನಿಲ್ಲಿಸಿ, ಭುಜ ಹಿಡಿದು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದಳು. ಈಗ ಪೋಸ್ಟರಿನ ಕೊರಿನ್‌ಳ ಮುಖ ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅದೇ ಕಣ್ಣು, ಅದೇ ನೋಟ. ಅವನ ತಲೆಯ ಹಿಂದೆ, ಟಿಕೆಟ್ ಕಿಟಕಿಯ ಮೇಲೆ, ದೊಡ್ಡದೊಂದು ಗಡಿಯಾರ ನಡೆಯುತ್ತಿತ್ತು.

ಕ್ಯಾಮೆರಾ ಹಿಡಿದವನು ಕೂಗಿದ, "ಅಜ್ಜಾ, ಅವರು ಕಾಣ್ತಿಲ್ಲ. ಸ್ವಲ್ಪ ಎಡಕ್ಕೆ."

ವಿಲ್ಬರ್ ಸರಿದ. ಎಷ್ಟು ಸರಿಯಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.