ನಾನು ಕ್ಯಾಪ್ಟನ್ ಆಗಿ ಕೆಟ್ಟದ್ದು

ಭಡ್ತಿ ಬೇಡ ಎಂದವನ ಬಗ್ಗೆ ನಮ್ಮ ಜನಕ್ಕೆ ಎರಡೇ ಅಭಿಪ್ರಾಯ. ಒಂದೋ ಅವನಿಗೆ ತಲೆ ಸರಿಯಿಲ್ಲ, ಇಲ್ಲವೇ ಅವನ ಮೇಲೆ ಯಾವುದೋ ವಿಚಾರಣೆ ನಡೆಯುತ್ತಿದೆ. ಗುಮಾಸ್ತ ಹೆಡ್ ಗುಮಾಸ್ತನಾಗಬೇಕು, ಮೇಷ್ಟ್ರು ಹೆಡ್‌ಮೇಷ್ಟ್ರಾಗಬೇಕು. ಆಮೇಲೆ ಅವನು ಸುಖವಾಗಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನೂ ಹಾಗೇ ತಿಳಿದಿದ್ದೆ. ಮೇಲೆ ಹೋಗುವುದು ಬೇರೆ, ಮುಂದೆ ಹೋಗುವುದು ಬೇರೆ ಎಂಬುದು ವಿಮಾನ ಹಾರಿಸುವವನಿಗಾದರೂ ಗೊತ್ತಿರಬೇಕಿತ್ತು. ನನಗೆ ಗೊತ್ತಾಗುವ ಹೊತ್ತಿಗೆ ಕೂದಲು ನರೆತಿತ್ತು. ಗೊತ್ತಾದ ಮೇಲಾದರೂ ಬುದ್ಧಿ ಬಂತೇ ಎಂದರೆ, ಅದನ್ನು ನೀವೇ ಕೊನೆಯಲ್ಲಿ ಹೇಳಬೇಕು.

ನಾನು ಪೈಲಟ್. ಹೀಗೆಂದ ಕೂಡಲೇ ಲಂಡನ್ನು, ಪ್ಯಾರಿಸ್ಸು ಎಂದು ಊಹಿಸಿಕೊಳ್ಳಬೇಡಿ. ನನ್ನದು ಎರಡು ಫ್ಯಾನಿನ ಸಣ್ಣ ವಿಮಾನ. ಬೆಳಿಗ್ಗೆ ಮಂಗಳೂರು, ಮಧ್ಯಾಹ್ನ ಬೆಳಗಾವಿ, ಒಮ್ಮೊಮ್ಮೆ ಕೊಯಮತ್ತೂರು. ಅದರ ಸದ್ದು ತಡೆಯಲಾಗದೆಂದು ಪ್ರಯಾಣಿಕರಿಗೆ ಕಿವಿಗೆ ಚೂರು ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಡುತ್ತೇವೆ. ನನ್ನ ಮಾವನವರು ದಾವಣಗೆರೆಯಲ್ಲಿ ಹತ್ತಿ ಮಂಡಿ ಇಟ್ಟವರು. ಒಮ್ಮೆ ನನ್ನ ವಿಮಾನದಲ್ಲಿ ಬಂದಾಗ ಆ ಹತ್ತಿಯನ್ನು ಕಿವಿಗಿಡದೆ ದಾರಿಯುದ್ದಕ್ಕೂ ಬೆರಳಲ್ಲಿ ಎಳೆದೆಳೆದು ನೋಡಿದರಂತೆ. ಇಳಿದವರೇ, "ವಿಮಾನ ಚಲೋ ಐತ್ರಿ ಅಳಿಯಂದಿರ. ಹತ್ತಿ ಒಳಗ ಮಾತ್ರ ಯಾರೋ ನಿಮಗ ಟೋಪಿ ಹಾಕ್ಯಾರ" ಎಂದರು. ಮಳೆಮೋಡದ ನಡುವೆ ನಾನು ಅವರನ್ನು ಜೋಪಾನವಾಗಿ ಇಳಿಸಿದ್ದರ ಬಗ್ಗೆ ಒಂದು ಮಾತಿಲ್ಲ.

ವಿಮಾನದ ಮೂತಿಯಲ್ಲಿ ಎರಡು ಸೀಟು. ಎಡಗಡೆ ಕ್ಯಾಪ್ಟನ್, ಬಲಗಡೆ ಕೋ-ಪೈಲಟ್. ಬಲದಿಂದ ಎಡಕ್ಕೆ ಹೋಗುವುದೇ ನಮ್ಮಲ್ಲಿ ಭಡ್ತಿ. ಅಳೆದರೆ ಮೂರು ಅಡಿ ಇರಬಹುದು. ಅದಕ್ಕಾಗಿ ಎಂಟು ವರ್ಷ ಕಾದಿದ್ದೆ. ಕೊನೆಗೊಂದು ದಿನ ಕಂಪನಿಯವರು ನೋಟಿಸ್ ಬೋರ್ಡಿಗೆ ಕಾಗದ ಅಂಟಿಸಿದರು. ಸಣ್ಣ ವಿಮಾನಕ್ಕೆ ಕ್ಯಾಪ್ಟನ್‌ಗಳು ಬೇಕಾಗಿದ್ದಾರೆ, ಸೀನಿಯಾರಿಟಿ ಪ್ರಕಾರ ಒಬ್ಬೊಬ್ಬರೂ 'ಬೇಕು' ಅಥವಾ 'ಬೇಡ' ಎಂದು ಬರೆದುಕೊಡಬೇಕು, ಬೇಕು ಎಂದವರು ಐದು ವರ್ಷ ಆ ವಿಮಾನ ಬಿಟ್ಟು ಕದಲುವಂತಿಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು. ಅದರ ಕೆಳಗೆ ಮುರಳಿಯದು.

ಮುರಳಿ ಬಾಪೂಜಿ ನಗರದವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಆ ದಿನವೇ ನನ್ನನ್ನು ಕ್ಯಾಂಟೀನಿಗೆ ಎಳೆದುಕೊಂಡು ಹೋಗಿ ಕಾಫಿ ಕೊಡಿಸಿ ಹೇಳಿದ: "ಬೇಡ ಅಂತ ಬರೀರಿ ಸಾರ್. ನಾನೂ ಬೇಡ ಅಂತಾನೇ ಬರೀತೀನಿ. ಮುಂದಿನ ವರ್ಷ ಇನ್ನೊಂದಷ್ಟು ಜೆಟ್ ಬರ್ತಾ ಇದೆ. ಅದಕ್ಕೆ ಕೋ-ಪೈಲಟ್‌ಗಳನ್ನೇ ತಗೋತಾರೆ. ಒಂದ್ಸಲ ಒಳಗೆ ಹೋದ್ರೆ ಅಲ್ಲೇ ಕ್ಯಾಪ್ಟನ್ ಆಗ್ಬೋದು. ಈಗ ಕ್ಯಾಪ್ಟನ್‌ಗೆ ಕೊಡೋ ಭುಜದ ಮೇಲಿನ ನಾಲ್ಕು ಪಟ್ಟಿಗೆ ಆಸೆ ಬಿದ್ರೆ ಬೆಳಗಾವಿಗೆ ಹೋಗ್ತಾ ಬರ್ತಾನೇ ಮುದುಕರಾಗ್ತೀರ."

ಮಾತು ಸರಿಯಾಗಿತ್ತು. ನನಗೂ ಜೆಟ್ ಮೇಲೆ ಪ್ರಾಣ. ಮೋಡದೊಳಗೆ ನುಗ್ಗಿ ಒದ್ದಾಡುವ ಬದಲು ಮೋಡಗಳ ಮೇಲೆ ಹಾಯಾಗಿ ಹೋಗಬೇಕು, ಒಂದೇ ದಿನ ಬೊಂಬಾಯಿ, ದಿಲ್ಲಿ ನೋಡಬೇಕು ಎಂಬುದು ಹಾರುವುದನ್ನು ಕಲಿತ ದಿನದಿಂದ ಇದ್ದ ಆಸೆ. 'ಬೇಡ' ಎಂದು ಬರೆಯಲು ನಿರ್ಧರಿಸಿ ಮನೆಗೆ ಬಂದೆ. ಮನೆಯಲ್ಲಿ ದಾವಣಗೆರೆಯಿಂದ ಒಂದು ಪಾರ್ಸಲ್ ಬಂದಿತ್ತು.

ಮುಂದಿನ ತಿಂಗಳು ರಾಜಾಜಿನಗರದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಆಹ್ವಾನ ಪತ್ರಿಕೆ ಮುದ್ರಿಸುವ ಹೊಣೆಯನ್ನು ಮಾವನವರು ಹಠ ಹಿಡಿದು ಹೊತ್ತುಕೊಂಡಿದ್ದರು. ನಮ್ಮ ಕಡೆಯ ಕಾರ್ಡುಗಳಲ್ಲಿ ಯಾವ ಹೆಸರೂ ಬೋಳಾಗಿ ಬರುವಂತಿಲ್ಲ. ಡಾಕ್ಟರು, ವಕೀಲರು, ನಿವೃತ್ತ ಅಮಲ್ದಾರರು, ಏನೂ ಇಲ್ಲದಿದ್ದರೆ ದಲಾಲಿ ಮಂಡಿ ಮಾಲೀಕರು. ನನ್ನ ಹೆಂಡತಿ ಗಿರಿಜಾ ತೌರಿಗೆ ಬರೆದ ಕಾಗದದಲ್ಲಿ ಭಡ್ತಿಯ ಕಾಲ ಹತ್ತಿರ ಬಂತೆಂಬ ಸುದ್ದಿಯನ್ನು ಸೇರಿಸಿದ್ದಳು. ಮಾವನವರಿಗೆ ಅಷ್ಟು ಸಾಕಾಯಿತು. ಪಾರ್ಸಲ್ ಬಿಚ್ಚಿದರೆ ಅರಿಶಿನ ಹಚ್ಚಿದ ಕಾರ್ಡುಗಳ ಮೇಲೆ ಬಂಗಾರದ ಬಣ್ಣದಲ್ಲಿ 'ಕ್ಯಾಪ್ಟನ್ ಮಲ್ಲಿಕಾರ್ಜುನ' ಎಂದಿತ್ತು.

ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕಾದು ಕಿರುಚಿದೆ: "ಮಾವ, ನಾನಿನ್ನೂ ಕ್ಯಾಪ್ಟನ್ ಆಗಿಲ್ಲ. ಸದ್ಯಕ್ಕೆ ಬೇಡ ಅಂತಿದೀನಿ!"

"ಏನಂದ್ರಿ? ಬ್ಯಾಡ? ಯಾಕ್ರಿ, ಆರೋಗ್ಯ ನೆಟ್ಟಗ ಐತಿಲ್ಲೋ?"

"ಆರೋಗ್ಯ ಚೆನ್ನಾಗಿದೆ ಮಾವ. ಜೆಟ್‌ಗೆ ಹೋಗೋಣ ಅಂತ."

"ಹರಿಹರ, ರಾಣೆಬೆನ್ನೂರು ಎಲ್ಲಾ ಕಡೆ ಕಾರ್ಡು ಹೋಗ್ಯಾವ. ಮಠಕ್ಕ ಹೋಗಿ ಸ್ವಾಮಿಗಳ ಕೈಯಾಗೂ ಕೊಟ್ಟು ಬಂದೀನಿ. ಈಗ ವಾಪಸ್ ಕೊಡ್ರಿ, ತಿದ್ದಿ ಕೊಡ್ತೀನಿ ಅನ್ಲೇನು?"

ಅಷ್ಟರಲ್ಲಿ ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದು ಲೈನು ಕಟ್ಟಾಯಿತು. ಮರುದಿನ 'ಬೇಕು' ಎಂದು ಬರೆದುಕೊಟ್ಟೆ. ಗೃಹಪ್ರವೇಶಕ್ಕೆ ಬಂದ ಅರ್ಧ ಜನ ನಾನು ಮಿಲಿಟರಿ ಸೇರಿದೆನೆಂದು ತಿಳಿದು, ಊಟದೆಲೆಯ ಮುಂದೆ ಕೂತು ಗಡಿಯ ಸಮಾಚಾರ ವಿಚಾರಿಸಿದರು.

ಮೊದಲ ವರ್ಷ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಎರಡನೆಯ ವರ್ಷ ಮುರಳಿ ಜೆಟ್‌ಗೆ ಹೋದ. ಪಟ್ಟಿಯಲ್ಲಿ ಅವನ ಕೆಳಗಿದ್ದ ಇಬ್ಬರೂ ಹೋದರು. ನಾಲ್ಕೈದು ವರ್ಷದಲ್ಲಿ ಮುರಳಿ ಜೆಟ್‌ನ ಕ್ಯಾಪ್ಟನ್ ಆದ. ಗಾಳಿ ಪಶ್ಚಿಮದ ಕಡೆಯಿಂದ ಬೀಸುವ ದಿನ ಬೊಂಬಾಯಿಯ ಜೆಟ್ ನಮ್ಮ ಮನೆಯ ಮೇಲೇ ಹೋಗುತ್ತದೆ. ರಜೆಯ ದಿನ ತಾರಸಿಯ ಮೇಲೆ ಸಂಡಿಗೆ ಕಾಯುತ್ತ ಕೂತಿರುತ್ತೇನೆ. ಗಿರಿಜಾ ಕಣ್ಣಿಗೆ ಕೈ ಅಡ್ಡ ಹಿಡಿದು, "ಇವತ್ತು ಮುರಳಿಯವರೇ ಇರ್ಬೇಕು ಅಲ್ವೇನ್ರಿ?" ಎನ್ನುತ್ತಾಳೆ. ಅವಳ ಮಾತಿನಲ್ಲಿ ಕುಹಕವಿಲ್ಲ, ಅದೇ ಹೆಚ್ಚು ಚುಚ್ಚುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಇದಕ್ಕಿಂತ ನಯವಾದ ಮಾತು ನನಗೆ ಸಿಕ್ಕಿಲ್ಲ.

ಐದು ವರ್ಷದ ಗಡುವು ಮುಗಿದ ಮೇಲೆ ಒಂದು ದಾರಿ ತೆರೆಯಿತು. ಸಣ್ಣ ವಿಮಾನದ ಕ್ಯಾಪ್ಟನ್‌ಗಳು ಜೆಟ್‌ಗೆ ಬರಬಹುದು, ಆದರೆ ಮತ್ತೆ ಕೋ-ಪೈಲಟ್ ಆಗಿ, ಅದೂ ನಲವತ್ತು ತುಂಬುವುದರೊಳಗೆ. ನನಗಾಗ ಮೂವತ್ತೊಂಬತ್ತು. ಇದು ತಪ್ಪಿದರೆ ಇನ್ನು ಇಲ್ಲ. ಗಿರಿಜಾ, "ಹೋಗ್ರಿ. ನಿಮ್ಮ ಭುಜದ ಮೇಲೆ ಎಷ್ಟು ಪಟ್ಟಿ ಅಂತ ಎಣಿಸೋಕೆ ಯಾರು ಬರ್ತಾರೆ?" ಎಂದಳು. ಮಾವನವರು ಕೂಡ, ದೊಡ್ಡ ವಿಮಾನವೇ ಸೈ, ಕಾರ್ಡಿನ ವಿಷಯ ಜನ ಎಂದೋ ಮರೆತಿದ್ದಾರೆ ಎಂದು ಬರೆದರು. ಅರ್ಜಿ ತುಂಬಿದೆ. ಕೊಡಲು ಹೋದ ದಿನ, ಹೊಸಬರ ಪಕ್ಕ ಕೂತು ಕಲಿಸುವ ಕ್ಯಾಪ್ಟನ್ ಮುರಳಿಯೇ ಎಂದು ತಿಳಿಯಿತು. ಎಡಗಡೆ ಅವನು, ಬಲಗಡೆ ನಾನು. ಅವನು ಹೇಳುವುದು, ನಾನು "ಎಸ್ ಸಾರ್" ಎನ್ನುವುದು. ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನಾಳೆ ಕೊಡೋಣ, ನಾಡಿದ್ದು ಕೊಡೋಣ ಎನ್ನುತ್ತಿರುವಾಗಲೇ ನಲವತ್ತು ತುಂಬಿತು. ಅಲ್ಲಿಯವರೆಗೆ ಬೈಯುವುದಕ್ಕೆ ಮಾವನವರಾದರೂ ಇದ್ದರು. ಈ ಸಲದ ತಪ್ಪನ್ನು ಅವರ ಮೇಲೂ ಹೊರಿಸುವಂತಿರಲಿಲ್ಲ.

ಕಳೆದ ವಾರ ಮತ್ತೆ ಅದೇ ನೋಟಿಸ್ ಬಂತು. ಈಗ ನನ್ನ ಪಕ್ಕ ಕೂರುವ ಕೋ-ಪೈಲಟ್ ಶಿವಕುಮಾರ, ಕಾಮಾಕ್ಷಿಪಾಳ್ಯದವನು. ಇಬ್ಬರಿಗೂ ಕಂಪನಿಯ ವ್ಯಾನು ಒಂದೇ. ಮಾಗಡಿ ರಸ್ತೆಯಲ್ಲಿ ಲಾರಿಗಳ ಹಿಂದೆ ತೆವಳುತ್ತಿದ್ದಾಗ ಕೇಳಿದ: "ಸಾರ್, ಬೇಕು ಅಂತ ಬರೀಲಾ, ಬೇಡ ಅಂತ ಬರೀಲಾ?"

ನಿಮಗೆ ಹೇಳಿದ್ದೆಲ್ಲ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ, ಇನ್ನೆರಡು ವರ್ಷಕ್ಕೆ ಇವನೂ ನನ್ನ ತಾರಸಿಯ ಮೇಲೆ ಹಾರಿಹೋಗುತ್ತಾನಲ್ಲ ಎನಿಸಿತು. ನನಗೇ ಆಶ್ಚರ್ಯವಾಗುವಷ್ಟು ವಾತ್ಸಲ್ಯದಿಂದ ಹೇಳಿದೆ: "ಕಣ್ಮುಚ್ಕೊಂಡು ಬೇಕು ಅಂತ ಬರಿಯಪ್ಪಾ. ಬಂದ ಭಡ್ತೀನ ಬಿಡ್ತಾರಾ ಯಾರಾದ್ರೂ? ನನಗೇನಾಗಿದೆ ಹೇಳು."

ಶಿವಕುಮಾರ ನಕ್ಕ. "ನೀವು ಹೀಗೇ ಹೇಳ್ತೀರ ಅಂತ ಮುರಳಿ ಸಾರ್ ಅಂದಿದ್ರು. 'ಮಲ್ಲಿಕಾರ್ಜುನ ಅವರನ್ನ ಒಂದ್ಮಾತು ಕೇಳು. ಅವರು ಏನು ಹೇಳಿದ್ರೂ ಅದಕ್ಕೆ ಉಲ್ಟಾ ಬರಿ' ಅಂದ್ರು ಸಾರ್. ಬೇಜಾರು ಮಾಡ್ಕೋಬೇಡಿ."

ಆಫೀಸು ತಲುಪಿದವನೇ 'ಬೇಡ' ಎಂದು ಬರೆದುಕೊಟ್ಟು ಬಂದ. ಅವತ್ತು ಮಂಗಳೂರಿನವರೆಗೂ ನಾನು ಲೆಕ್ಕ ಹಾಕಿದೆ. ನಾನು ನಿಜ ಹೇಳಿದ್ದರೆ ಅವನು ಅದಕ್ಕೆ ಉಲ್ಟಾ ಬರೆದು, ನನ್ನ ಹಾಗೇ ಕೆಟ್ಟುಹೋಗುತ್ತಿದ್ದ. ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನಿಂದ ಒಬ್ಬನ ಬಾಳು ಉದ್ಧಾರವಾಗಿದ್ದರೆ, ಅದು ನನ್ನ ಹೊಟ್ಟೆಕಿಚ್ಚಿನಿಂದ.